ಮೂರನೇ ಜೇಮ್ಸ್

ಲಿಮುರು, ಜೂನ್ 9, 1946

ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ದೊರೆ ತೀರಿಕೊಂಡರು. ಊಟದ ಹೊತ್ತನ್ನು ಕೆಡಿಸಲಿಲ್ಲ. ಇಂಗ್ಲಿಷರ ಶಿಸ್ತು ಎಂದರೆ ಇದು. ಕುರ್ಚಿಯಲ್ಲಿ ಕೂತವರು ಕೂತಂತೆಯೇ ಇದ್ದರು, ನಾನು ಚಹಾದ ತಟ್ಟೆ ಹಿಡಿದು ನಿಂತೇ ಇದ್ದೆ. ಅವರು 'ಇಡು' ಅನ್ನದೆ ಇಡುವಂತಿಲ್ಲ. ಚಹಾ ತಣ್ಣಗಾದ ಮೇಲೆ ನನಗೆ ಅನುಮಾನ ಬಂತು.

ಸುದ್ದಿ ಅಡುಗೆಮನೆ ಮುಟ್ಟಿದ್ದೇ ತಡ, ಬಟ್ಟೆ ಒಗೆಯುವವಳು, ಕಸ ಗುಡಿಸುವವನು, ತೋಟದ ಮುಚೀರಿ, ಎಲ್ಲರೂ ಹಿಂಬಾಗಿಲಿನಿಂದ ಹೊರಗೆ. ಮನೆಯೊಳಗೆ ಸಾವಾದರೆ ನಮ್ಮ ಗಿಕುಯು ಜನಕ್ಕೆ ಆ ಮನೆ ಅಲ್ಲಿಗೆ ಮುಗಿಯಿತು. ಸಾಯುವವರನ್ನು ಮೊದಲೇ ಹೊರಗೆ ತರಬೇಕು. ಆಗದಿದ್ದರೆ ಹಿಂದಿನ ಗೋಡೆ ಒಡೆದು ಅಲ್ಲಿಂದ ತೆಗೆಯಬೇಕು, ಗುಡಿಸಲನ್ನು ಗೆದ್ದಲಿಗೆ ಬಿಡಬೇಕು. ನಾನು ಮಿಷನ್ ಶಾಲೆಯಲ್ಲಿ ಓದಿದವನು, ಪ್ರಾರ್ಥನೆಯ ಹಾಡುಗಳಿಗೆ ಪ್ರಾಸ ಕೂಡಿಸಿಕೊಟ್ಟವನು. ನನಗೆ ಅಂಥ ಭಯವಿಲ್ಲ. ಒಬ್ಬನೇ ಒಳಗೆ ಉಳಿದೆ.

ಮುಚೀರಿ ಕಿಟಕಿಯಾಚೆಯಿಂದ ಕೂಗಿದ: 'ಏಯ್, ಒಂದ್ಸಲ ಕೆಮ್ಮಿ ತೋರ್ಸೋ. ಕೊನೇ ಸಲ ಕೇಳ್ಬಿಡ್ತೀನಿ.'

ದೊರೆಯ ಕೆಮ್ಮು, ಊರುಗೋಲಿನ ಟಕ್‌ಟಕ್, ಮೂಗಿನಲ್ಲೇ ಬರುವ 'ನಿಯಮ ಅಂದ್ರೆ ನಿಯಮ', ಇವನ್ನೆಲ್ಲ ಅಡುಗೆಮನೆಯಲ್ಲಿ ಅಣಕಿಸಿ ನಗಿಸುವುದು ನನ್ನ ಕಸುಬಿನ ಒಂದು ಭಾಗ. ಇವತ್ತು ಮನಸ್ಸು ಬರಲಿಲ್ಲ.

ಜೂನ್ 12

ದೊರೆಯನ್ನು ಮುಂಬಾಗಿಲಿನಿಂದಲೇ ಒಯ್ದರು, ಹೂವಿನ ಸಮೇತ. ನಾನು ಈ ಮನೆಗೆ ಬಂದ ಮೇಲೆ ಆ ಬಾಗಿಲನ್ನು ಬೇರೆಯವರಿಗೆ ತೆರೆದಿದ್ದೇನೆಯೇ ಹೊರತು ದಾಟಿಲ್ಲ.

ದೊರೆಗೆ ಮುಂಬಾಗಿಲು, ಮೆತ್ತನೆ ಕಂಬಳಿ;
ನಮಗೆ ಹಿಂಬಾಗಿಲು, ಕೊರೆಯುವ ಗಾಳಿ.

ಸಂಜೆ ಅಮ್ಮನ ಗುಡಿಸಲಿಗೆ ಹೋದೆ. ತೋಟದ ಕೆಳಗಿನ ಮೂಲೆಯಲ್ಲಿ ಅವಳೂ ಅವಳ ಮೇಕೆಗಳೂ ಇವೆ. ಹೊಸ್ತಿಲ ಬಳಿಯೇ ಕೈ ಅಡ್ಡ ಹಿಡಿದಳು.

'ಗೋಡೆ ಒಡೆದ್ರಾ?'

'ಇಲ್ಲಮ್ಮ. ಮುಂಬಾಗಿಲಿಂದ ಹೋದ್ರು.'

'ಹೆಣ ಹೋಯ್ತು ಅನ್ನು. ಅವನು ಹೆಂಗೆ ಹೋಗ್ತಾನೆ? ದಾರೀನೇ ಮಾಡ್ಕೊಟ್ಟಿಲ್ವಲ್ಲ.'

'ಅವರ ಸ್ವರ್ಗಕ್ಕೆ ಬೇರೆ ದಾರಿ ಇದೆ.'

'ಅಲ್ಲೂ ನಮ್ಮೋರ್ನ ಹಿಂದ್ಗಡೆಯಿಂದ ಬಾ ಅಂತಾರಾ, ಮಾವ?'

ನನಗೆ ಇಟ್ಟಿರುವುದು ಅಪ್ಪನ ಕಡೆಯ ಅಜ್ಜನ ಹೆಸರು, ಗಚೇರು. ಅದಕ್ಕೇ ಅಮ್ಮ ನನ್ನನ್ನು ಮಾವ ಎನ್ನುತ್ತಾಳೆ. ದೊರೆಯ ಮನೆ ನಿಂತಿರುವುದು ಆ ಅಜ್ಜನ ಅಂಗಳದ ಮೇಲೆ. ಆ ಮನೆಯಲ್ಲಿ ಮಾತ್ರ ನನ್ನ ಹೆಸರು ಜೇಮ್ಸ್. ಇಲ್ಲಿ ಅಡುಗೆಗೆ ಬಂದವರೆಲ್ಲ ಜೇಮ್ಸ್, ಹೊಸ ಹೆಸರು ಕಲಿಯುವ ತೊಂದರೆ ದೊರೆಗಿರಬಾರದು ನೋಡಿ. ನಾನು ಮೂರನೆಯವನು. ರಾಜರಿಗೆ ಹೇಳುವಂತೆ ಮೂರನೇ ಜೇಮ್ಸ್.

ಅಮ್ಮ ಇರಿಯೊ ಕುಟ್ಟಿದ್ದಳು, ಮೆಕ್ಕೆಜೋಳ, ಅವರೆಕಾಳು, ಸೊಪ್ಪು ಎಲ್ಲ ಬೆರೆಸಿ. ಬಾಳೆಲೆಯಲ್ಲಿಟ್ಟು ಅಂಗಳಕ್ಕೆ ಸರಿಸಿದಳು. ಮೈಲಿಗೆ ಕಳೆಯುವವರೆಗೆ ಕೈಗೆ ಕೊಡುವುದಿಲ್ಲವಂತೆ.

ಜೂನ್ 13

ದೊರೆಸಾನಿ ಕರೆದರು. ಮಾರ್ಜರಿ ಎನ್ನುವ ಅವರ ಹೆಸರು ನಮ್ಮ ಬಾಯಿಗಲ್ಲ.

'ಎಲ್ಲರೂ ಓಡಿಹೋದ್ರು, ನೀನು ಉಳಿದೆ. ಹೀಗೇ ಇರು ಜೇಮ್ಸ್. ಯಜಮಾನರ ಕೋಣೆ ಹೇಗಿತ್ತೋ ಹಾಗೇ ಇರಬೇಕು.'

'ಸರಿ, ದೊರೆಸಾನಿ.'

'ನಿನಗೇನು ಬೇಕು, ಕೇಳು.'

ಕೇಳಿದೆ. ಈ ವರ್ಷ ಹೊಸ ಕರಾರು ಬಂದಿದೆ. ತೋಟದಲ್ಲಿ ದುಡಿಯುವವರಿಲ್ಲದ ಗುಡಿಸಲು ಇರಕೂಡದು, ಮೇಕೆಯಂತೂ ಕೂಡದೇ ಕೂಡದು. ಮುದುಕರನ್ನು ಲಾರಿಗೆ ಹತ್ತಿಸಿ, ನಮ್ಮವರಿಗೆಂದು ಗೀಟು ಹಾಕಿಟ್ಟ ಜಾಗದಲ್ಲಿ ಇಳಿಸಿ ಬರುತ್ತಾರೆ. ಅಲ್ಲಿ ಈಗಾಗಲೇ ಕಾಲಿಡಲು ನೆಲವಿಲ್ಲ. ಅಮ್ಮ ಸಾಯುವವರೆಗೆ ಈ ಮೂಲೆಯಲ್ಲೇ ಇರಲಿ ಎಂದೆ.

'ನೀನು ಈ ಮನೆಯಲ್ಲಿರೋವರೆಗೂ ಅವಳು ಅಲ್ಲಿರ್ತಾಳೆ' ಎಂದರು ದೊರೆಸಾನಿ. ಕಣ್ಣು ನನ್ನ ಮೇಲಿರಲಿಲ್ಲ, ಖಾಲಿ ಕುರ್ಚಿಯ ಮೇಲಿತ್ತು.

ಜೂನ್ 16

ಅಡುಗೆಮನೆಯ ಗೋಡೆಯಲ್ಲಿ ಒಂದು ಗಂಟೆ ಇದೆ. ಅದರ ತಂತಿ ಚಾವಣಿಯುದ್ದಕ್ಕೂ ಹಾದು ದೊರೆಯ ಕೋಣೆ ಸೇರುತ್ತದೆ. ಅಲ್ಲಿ ಕುರ್ಚಿಯ ಪಕ್ಕ ಹಗ್ಗ. ಇವತ್ತು ಮಧ್ಯಾಹ್ನ ಗಂಟೆ ಬಾರಿಸಿತು.

ದೊರೆಸಾನಿ ಅಂಗಳದಲ್ಲಿ ಗುಲಾಬಿ ಕತ್ತರಿಸುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ನನ್ನ ಕಾಲು ನನ್ನನ್ನು ಕೇಳದೆ ಹೊರಟುಬಿಟ್ಟಿತು. ಬಾಗಿಲಾಚೆ ನಿಂತೆ. ತಟ್ಟುವ ಪದ್ಧತಿ ಇಲ್ಲ, ಕರೆಯುವವರೆಗೆ ನಿಲ್ಲಬೇಕು. 'ಒಳಗೆ ಬಾ' ಎಂದಂತಾಯಿತು.

ಒಳಗೆ ಯಾರೂ ಇಲ್ಲ. ಹಗ್ಗ ಅಲ್ಲಾಡುತ್ತಿತ್ತು. ನೆಲದ ಮೇಲೆ, ಹಿಂದಿನ ಗೋಡೆಯ ಕಡೆಯಿಂದ, ಅಂಗೈಯಗಲದ ಬಿಸಿಲಿನ ಪಟ್ಟಿ ಬಿದ್ದಿತ್ತು. ಆ ಗೋಡೆಗೆ ಕಿಟಕಿ ಇಲ್ಲ. ಈ ಮನೆಯ ಮುಂಭಾಗ ಕಲ್ಲು, ಹಿಂಭಾಗ ಹಲಗೆ. ಅತಿಥಿಗಳು ಬರುವುದು ಮುಂದಿನಿಂದಲ್ಲವೇ. ಹಲಗೆಗಳಲ್ಲಿ ಒಂದು ಬಿರುಕೂ ಇಲ್ಲ. ನೋಡುತ್ತಿದ್ದಂತೆ ಪಟ್ಟಿ ಮಾಯವಾಯಿತು.

ಇಲಿ ಇರಬೇಕು. ಇಲಿ ಹಗ್ಗ ಎಳೆಯುತ್ತದೆ. ಬಿಸಿಲನ್ನು ಹೇಗೆ ತರುತ್ತದೆ ಎನ್ನುವುದನ್ನು ಬರೆಯದೆ ಬಿಡುತ್ತೇನೆ.

ಜೂನ್ 24

'ಜೇಮ್ಸ್, ನಿನ್ನ ಪಾದದ ಅಳತೆ ಎಷ್ಟು?'

'ಗೊತ್ತಿಲ್ಲ, ದೊರೆಸಾನಿ. ಯಾರೂ ಅಳೆದಿಲ್ಲ.'

ದೊರೆಯ ಬೂಟು ಕೊಟ್ಟರು. ಹಾಕಿಕೊಳ್ಳದಿದ್ದರೆ ತೊಗಲು ಒಣಗಿ ಬಿರಿಯುತ್ತದಂತೆ. ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ನಾನು ಅದನ್ನು ಮೆಟ್ಟಿ ಕೋಣೆಯೊಳಗೆ ಓಡಾಡಬೇಕು. ಬಾಗಿಲು ಹಾಕಿಕೊಂಡು. ಹೊರಗೆ ಹಾಕಿಕೊಂಡು ಹೋಗುವಂತಿಲ್ಲ.

ಅಳತೆ ಸರಿಹೋಯಿತು. ನನ್ನ ಕಾಲನ್ನೇ ಅಚ್ಚು ಮಾಡಿಕೊಂಡು ಹೊಲಿದಂತಿತ್ತು.

ಜುಲೈ 3

ಮಂಜು. ಕಿಟಕಿಯಾಚೆ ಚಹಾ ಗಿಡವೂ ಕಾಣುತ್ತಿಲ್ಲ.

ಬೂಟು ಹಾಕಿ ಓಡಾಡುತ್ತಿದ್ದೆ. ಪಕ್ಕದ ಕೋಣೆಯಿಂದ ದೊರೆಸಾನಿಯ ದನಿ ಬಂತು, ನಾನೆಂದೂ ಕೇಳಿರದಷ್ಟು ಮೃದುವಾದ ದನಿ: 'ಎಡ್ವಿನ್, ಊರುಗೋಲು ಹಿಡ್ಕೊಳ್ಳಿ. ಬೀಳ್ತೀರಿ.'

ನಿಂತೆ. ಅವರು ಕಾಯುತ್ತಿದ್ದರು. ಕಡೆಗೆ ಮೂಲೆಯಲ್ಲಿದ್ದ ಊರುಗೋಲು ತೆಗೆದುಕೊಂಡು ಟಕ್‌ಟಕ್ ಎನಿಸಿ ನಡೆದೆ. ಸಮಾಧಾನದ ನಿಟ್ಟುಸಿರು ಕೇಳಿಸಿತು.

ಆಮೇಲೆ ಚಹಾ ಒಯ್ದು ಕೊಟ್ಟಾಗ ಅದೇ ಹೆಂಗಸು ಮುಖ ಎತ್ತದೆ, 'ಹಾಲು ಜಾಸ್ತಿಯಾಯ್ತು ಜೇಮ್ಸ್' ಎಂದರು.

ಕಣ್ಣಿಗೆ ಬಿದ್ದರೆ ಜೇಮ್ಸ್, ಕಿವಿಗೆ ಬಿದ್ದರೆ ಎಡ್ವಿನ್;
ಮಧ್ಯೆ ಒಂದು ಬಾಗಿಲು. ಹಾಕಿದ್ದರೆ ನಾನೂ ಜಾನ್‌ಬುಲ್‌ನ ಕಸಿನ್!

ಎರಡನೇ ಸಾಲಿಗೆ ಕಾಲು ಒಂದು ಹೆಚ್ಚಾಯಿತು. ಇರಲಿ, ಊರುಗೋಲಿದೆಯಲ್ಲ.

ಜುಲೈ 5

ಇವತ್ತು ಕೆಮ್ಮಿದೆ. ಅವರು ನಕ್ಕರು.

ಜುಲೈ 18

ಮುಚೀರಿ ಹಿಂಬಾಗಿಲಿಗೆ ಬಂದಿದ್ದ. ಹೊಸ್ತಿಲು ಮುಟ್ಟದೆ ದೂರ ನಿಂತ.

'ಲೋ ಗಚೇರು, ಒಳಗೆ ಮುದುಕ ಓಡಾಡ್ತಾನೆ ಕಣೋ. ಕೋಲಿನ ಸದ್ದು ನಾನೇ ಕೇಳಿದ್ದೀನಿ.'

'ನಾನು ಕಣೋ ಅದು. ಬೂಟು ಒಣಗ್ಬಾರ್ದು ಅಂತ.'

'ನೀನಾ?' ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. 'ಹಂಗಾದ್ರೆ ಮೊನ್ನೆ ಭಾನುವಾರ ನೀನು ಚರ್ಚಿಗೆ ಹೋಗಿದ್ದಾಗ ನಡೆದೋನು ಯಾರು?'

ಅವನಿಗೆ ಗೇಲಿ ಮಾಡುವುದೇ ಕೆಲಸ. ನಾನು ನಕ್ಕೆ. ಅವನು ನಗಲಿಲ್ಲ.

ಇನ್ನೊಂದು ವಿಷಯ. ಕೋಲಿನ ಸದ್ದು ಕೇಳಿದಾಗಿನಿಂದ ಚಹಾ ಕೀಳುವವರ ಕೈ ಚುರುಕಾಗಿದೆ. ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಒಬ್ಬಳು ಸೊಂಟ ನೇರ ಮಾಡಿಕೊಂಡು ನಿಂತಳು. ಗಾಜಿಗೆ ಕೋಲಿನಿಂದ ಒಮ್ಮೆ ತಟ್ಟಿದೆ. ತಟ್ಟನೆ ಬಗ್ಗಿದಳು. ಸುಮ್ಮನೆ, ತಮಾಷೆಗೆ.

ಜುಲೈ 22

ಅಮ್ಮನಲ್ಲಿಗೆ ಹೋಗಿದ್ದೆ. ಇರಿಯೊ ಗಂಟಲಲ್ಲಿ ಇಳಿಯಲಿಲ್ಲ. ದೊರೆಸಾನಿ ತಟ್ಟೆಯಲ್ಲಿ ಉಳಿಸುವ ಬ್ರೆಡ್ಡು, ಕಿತ್ತಳೆಯ ಜಾಮು ಹೊಟ್ಟೆಗೆ ಒಗ್ಗಿಹೋಗಿದೆ.

'ಕುಂಟ್ತಾ ಇದ್ದೀಯಲ್ಲ' ಎಂದಳು.

'ಇಲ್ವಲ್ಲ.'

'ಎಡಗಾಲು ಎಳೀತಿದ್ದೀಯ. ಅವನ ಥರ.' ಹತ್ತಿರ ಬಂದಳು, ಆದರೆ ಮುಟ್ಟಲಿಲ್ಲ. 'ಮಾವ, ನನ್ನ ಮಾತು ಕೇಳು. ಆ ಕೋಣೆ ಹಿಂದಿನ ಹಲಗೆ ಕಿತ್ತು ಅಲ್ಲಿಂದ ಹೊರಗೆ ಬಾ. ಬಾಗ್ಲಿಂದ ಬರಬೇಡ, ಅವನೂ ಜತೇಲೇ ಬರ್ತಾನೆ. ಹಿರಿಯರನ್ನ ಕರೆದು ಮೇಕೆ ಕೊಯ್ದು ಮೈಲಿಗೆ ತೆಗೆಸ್ತೀನಿ.'

'ನಾನು ಹೊರಗೆ ಬಂದ್ರೆ ನಿನ್ನ ಗುಡಿಸಲು ಹೋಗುತ್ತಮ್ಮ.'

'ಗುಡಿಸಲು ಹೋದ್ರೆ ಇನ್ನೊಂದು ಕಟ್ಕೋತೀನಿ. ನೀನು ಹೋದ್ರೆ?'

ಹೆಂಗಸರಿಗೆ ಕರಾರು ಅರ್ಥವಾಗುವುದಿಲ್ಲ. ಇದನ್ನೆಲ್ಲ ಮಾಡುತ್ತಿರುವುದು ಅವಳಿಗಾಗಿಯೇ ಎಂದು ಎಷ್ಟು ಹೇಳಿದರೂ ಅಷ್ಟೇ.

ಆಗಸ್ಟ್ 2

ಸಾಮಾನಿಗೆಂದು ಲಿಮುರು ಪೇಟೆಗೆ ಹೋದೆ. ಚಳಿ ಎಂದು ದೊರೆಯ ಹಳೆಯ ಕೋಟು ಹಾಕಿಕೊಂಡಿದ್ದೆ. ಬೂಟನ್ನೂ. ಕೇಳಲಿಲ್ಲ, ಹಾಕಿಕೊಂಡೆ.

ಜೀವರಾಜ್ ಭಾಯಿಯ ಅಂಗಡಿಯಲ್ಲಿ ಬಿಳಿಯರಿಗೆ ಕುರ್ಚಿ, ಅವರ ಗುಜರಾತಿಗಳಿಗೆ ಗಲ್ಲಾಪೆಟ್ಟಿಗೆಯ ಮುಂದಿನ ಹಲಗೆ, ನಮಗೆ ಪಕ್ಕದ ಗೋಡೆಯ ಕಿಟಕಿ. ಮರೆತು ಬಾಗಿಲಿನಿಂದ ಒಳಗೆ ಹೋಗಿಬಿಟ್ಟೆ. ಹೋಗಿ ಕುರ್ಚಿಯ ಬೆನ್ನಿಗೆ ಕೈ ಇಟ್ಟೆ.

ಜೀವರಾಜ್ ಭಾಯಿ ಕನ್ನಡಕದ ಮೇಲಿಂದ ನೋಡಿದರು. 'ಏನಪ್ಪಾ ಜೇಮ್ಸ್, ಕೋಟು ದೊರೇದು ಸರಿ. ಕಿಟಕಿ ನಿಂದೇ ಅಲ್ವಾ?'

ಒಳಗಿದ್ದವರೆಲ್ಲ ನಕ್ಕರು. ಹೊರಗೆ ಪೊಲೀಸಿನವನು ತಡೆದು ನಿಲ್ಲಿಸಿದ, ನಮ್ಮವನೇ, ಪಕ್ಕದ ಊರಿನವನು. 'ಕಿಪಾಂಡೆ ತೆಗಿ' ಎಂದ. ಕೊರಳಿಗೆ ಕಟ್ಟಿದ ಡಬ್ಬಿ ಬಿಚ್ಚಿ ಗುರುತಿನ ಕಾಗದ ತೋರಿಸಿದೆ. 'ಕೋಟು ಕದ್ದಿದ್ದಾ, ಕೊಟ್ಟಿದ್ದಾ?' ಎಂದ. ಬಿಚ್ಚಿಸಿ ಜೇಬೆಲ್ಲ ತಡಕಿ, ಕೆಸರಿನ ಮೇಲೆ ಎಸೆದ.

ಕೊರಳಿಗೊಂದೊಂದು: ಹಸುವಿಗೆ ಗಂಟೆ, ನನಗೆ ಕಿಪಾಂಡೆ;

ಎರಡನೆಯ ಸಾಲು ಹೊಳೆಯಲಿಲ್ಲ. ಮೊದಲೆಲ್ಲ ಇಂಥದ್ದು ತಾನಾಗಿ ಬರುತ್ತಿತ್ತು.

ಮನೆಗೆ ಬಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಮೊದಲ ಬಾರಿ ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ತಿಳಿಯಿತು, ಅದು ಬೆಚ್ಚಗಿತ್ತು. ಪಕ್ಕದ ಕೋಣೆಯಿಂದ, 'ಬಂದ್ರಾ, ಎಡ್ವಿನ್? ಪೇಟೇಲಿ ತುಂಬಾ ಜನಾನಾ?'

'ಸಿಕ್ಕಾಪಟ್ಟೆ' ಎಂದೆ. 'ಎಲ್ಲರೂ ಮೈಮೇಲೇ ಬರ್ತಾರೆ.'

ಇದು ಗೋಡೆಯ ಈಚೆಯಿಂದ ನಾನು ಅವರಿಗೆ ಆಡಿದ ಮೊದಲ ಮಾತು. ಎಷ್ಟು ಸಲೀಸಾಗಿ ಬಂತು!

ಆಗಸ್ಟ್ 11

ಮಂಜು ಬಿಟ್ಟಿಲ್ಲ. ಸಂಜೆ ಮಾರ್ಜರಿ ಗೋಡೆಯಾಚೆಯಿಂದ ಗುಲಾಬಿಯ ಬಗ್ಗೆ ಮಾತಾಡಿದಳು. ಒಂದು ಹೂಂ ಎಂದರೆ ಸಾಕು ಅವಳಿಗೆ, ಉಳಿದದ್ದನ್ನು ತಾನೇ ಮುಂದುವರಿಸುತ್ತಾಳೆ.

ಜೇಮ್ಸ್ ಚಹಾ ತಡವಾಗಿ ತಂದ.

ಆಗಸ್ಟ್ 14

ಮೇಲಿನ ಸಾಲು ಇವತ್ತು ಓದಿದೆ. ನಾನೇ ತಡವಾಗಿ ಒಯ್ದೆ ಎಂದು ಬರೆಯಬೇಕಿತ್ತು. ನಿದ್ದೆಗಣ್ಣಿನಲ್ಲಿ ಬರೆದದ್ದಿರಬೇಕು. ಅಕ್ಷರಗಳೂ ದೊರೆಯ ಕೈಬರಹದಂತೆ ಬಲಕ್ಕೆ ವಾಲಿವೆ.

ಆಗಸ್ಟ್ 20

ಕೆಳಗಿನ ಮೂಲೆಯಿಂದ ಮೇಕೆ ಬಂದು ಎಳೆಯ ಚಹಾ ಗಿಡಗಳ ತುದಿ ತಿಂದಿದೆ. ಕಿಟಕಿಯಿಂದಲೇ ಕಂಡಿತು. ಆ ಮುದುಕಿ ಹಗ್ಗ ಹಿಡಿದು ಹಿಂದೆ ಓಡಿ ಬಂದಳು. ಇತ್ತ ನೋಡಿದಳು. ನಾನು ಪರದೆ ಎಳೆದೆ. ಈ ಜನಕ್ಕೆ ಎಷ್ಟು ಸಡಿಲ ಬಿಟ್ಟರೂ ಕಡಿಮೆಯೇ.

ಆಗಸ್ಟ್ 27

ಪಕ್ಕದ ತೋಟದ ಕ್ಯಾಪ್ಟನ್ ಹ್ಯಾಲೆಟ್ ಬಂದಿದ್ದ. ದೊರೆ ಸತ್ತ ಮೇಲೆ ಈ ತೋಟವನ್ನೂ ಅವನೇ ನೋಡಿಕೊಳ್ಳುತ್ತಿದ್ದಾನೆ. ಜಗಲಿಯ ಮಾತು ಕೋಣೆಗೆ ಚೆನ್ನಾಗಿ ಕೇಳಿಸುತ್ತದೆ.

'ಕೆಳಗಿನ ಗುಡಿಸಲು ಖಾಲಿ ಮಾಡಿಸ್ಬೇಕು ಮಾರ್ಜರಿ. ಮುಂದಿನ ವಾರ ಲಾರಿ ಕಳಿಸ್ತೀನಿ.'

'ಅದು ಜೇಮ್ಸನ ತಾಯಿದು. ನಾನು ಮಾತು ಕೊಟ್ಟಿದ್ದೀನಿ.'

'ಅಡುಗೆಯವನಿಗೆ ಕೊಟ್ಟಿದ್ದು ಒಂದು ಮಾತಾ?'

'ಇರು. ಎಡ್ವಿನ್ನ ಕೇಳಿ ಹೇಳ್ತೀನಿ.'

ಕ್ಯಾಪ್ಟನ್ನನ ಚಹಾದ ಕಪ್ ತಟ್ಟೆಗೆ ತಗುಲಿದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅವಳ ಹೆಜ್ಜೆ ಹತ್ತಿರವಾಗಿ ನನ್ನ ಬಾಗಿಲಾಚೆ ನಿಂತಿತು.

'ಎಡ್ವಿನ್, ಜೇಮ್ಸನ ತಾಯಿ ಇರಲಿ ಅಂತ ಮಾತು ಕೊಟ್ಬಿಟ್ಟೆ. ಹ್ಯಾಲೆಟ್ ಕೂಡದು ಅಂತಾನೆ. ನೀವು ಹೇಗೆ ಹೇಳಿದ್ರೆ ಹಾಗೆ.'

ಕೆಮ್ಮು ಬಂತು. ಕೋಲನ್ನು ನೆಲಕ್ಕೆ ಕುಟ್ಟಿದೆ.

'ಒಬ್ಬಳಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ. ನಿಯಮ ಅಂದ್ರೆ ನಿಯಮ.'

'ಜೇಮ್ಸ್ ನೊಂದ್ಕೋತಾನೇನೋ.'

'ಅವನಿಗೆ ನಾನು ಹೇಳ್ತೀನಿ, ಬಿಡು.'

ನಾಲಿಗೆ ಎಲ್ಲೂ ತಡವರಿಸಲಿಲ್ಲ. ಇರಲಿ ಎನ್ನಬಹುದಿತ್ತೇ ಎಂದು ಆಮೇಲೆ ಒಂದು ಕ್ಷಣ ಅನ್ನಿಸಿತು. ಎಡ್ವಿನ್ ಹಾಗೆ ಎಂದೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಒಳಗಿರುವವನು ಬೇರೆ ಯಾರೋ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಸರಿಯಾದ ಉತ್ತರವನ್ನೇ ಕೊಟ್ಟಿದ್ದೇನೆ.

ಜೇಮ್ಸನಿಗೆ ಹೇಳಬೇಕು. ಬೆಳಗಿನಿಂದ ಕಾಣಿಸಿಲ್ಲ.

ಸೆಪ್ಟೆಂಬರ್ 3

ಲಾರಿ ಬಂದಿದೆ. ಕೆಳಗಿನ ಮೂಲೆಯಲ್ಲಿ ಹೊಗೆ. ಗುಡಿಸಲಿಗೆ ಬೆಂಕಿ ಇಟ್ಟರೆ ಮತ್ತೆ ಬಂದು ಸೇರಿಕೊಳ್ಳುವುದಿಲ್ಲ, ಅದೇ ಒಳ್ಳೆಯ ಪದ್ಧತಿ. ಮೇಕೆಗಳ ಕೂಗು ಕೇಳಿಸಿತು, ಆಮೇಲೆ ನಿಂತುಹೋಯಿತು.

ಮಾರ್ಜರಿ ಹ್ಯಾಲೆಟ್ಟನ ಮನೆಗೆ ಊಟಕ್ಕೆ ಹೋಗಿದ್ದಾಳೆ. ನಾನು ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ಗೋಡೆಗೆ ಯಾರೋ ಹೊಡೆಯುತ್ತಿದ್ದಾರೆ. ಮೊದಲು ಮರಕುಟಿಗ ಎಂದುಕೊಂಡೆ. ಅಲ್ಲ, ಕೊಡಲಿ. ಹಲಗೆ ಕಿರುಗುಟ್ಟುತ್ತಿದೆ.

'ಜೋರಾಗಿ ಹೊಡಿಯೋ ಮುಚೀರಿ' ಎನ್ನುತ್ತಿದ್ದಾಳೆ ಮುದುಕಿ.

'ಲಾರಿ ಹೊರಡ್ತಿದೆ ಅಜ್ಜಿ. ಕೂಗ್ತಿದ್ದಾರೆ.'

'ಕೂಗ್ಲಿ. ನನ್ನ ಬಿಟ್ಟು ಹೋದ್ರೆ ಅವರಿಗೇ ನಷ್ಟ, ಲೆಕ್ಕ ತಪ್ಪುತ್ತೆ. ನೀನು ಹೊಡಿ.'

ಸತ್ತವರಿಗೆಂದು ಹೀಗೆ ಗೋಡೆ ಒಡೆಯುತ್ತಾರೆ. ಇಲ್ಲಿ ಸತ್ತವರು ಯಾರೂ ಇಲ್ಲ ಎಂದು ಹೇಳಬೇಕೆಂದುಕೊಂಡೆ. ಬರೀ ಕೆಮ್ಮು ಬಂತು.

ಹೊಡೆತ ನಿಂತಿತು.

'ಕೇಳಿದ್ಯಾ ಅಜ್ಜಿ? ಅವನೇ. ಮುದುಕನೇ. ನಡಿ ಹೋಗೋಣ.'

'ಆ ಕೆಮ್ಮು ನನಗೆ ಗೊತ್ತು. ಕೆಮ್ಮೋನ ಕೊರಳೂ ಗೊತ್ತು, ಹೆತ್ತಿದ್ದು ನಾನು.' ಒಂದು ಹಲಗೆ ಕಿತ್ತು ಬಂತು. ಕಪ್ಪಗೆ ಸುಕ್ಕುಗಟ್ಟಿದ ಒಂದು ಕೈ, ಮೊಣಕೈವರೆಗೂ ಒಳಗೆ ಬಂತು, ಬೆರಳು ಬಿಚ್ಚಿ. 'ಗಚೇರು. ಮಾವ. ದಾರಿ ಮಾಡಿದ್ದೀನಿ ನೋಡು. ಕೈ ಕೊಡು. ಮೈಲಿಗೆ ಗೀಲಿಗೆ ಆಮೇಲೆ ನೋಡ್ಕೊಳ್ಳೋಣ, ಮುಟ್ತೀನಿ, ಕೊಡು.'

ಆ ಹೆಸರು ಎಲ್ಲೋ ಕೇಳಿದ್ದೇನೆ. ಈ ಜಾಗದ ಹಳೆಯ ಯಜಮಾನನದ್ದಿರಬೇಕು. ನನ್ನ ಬಲಗೈ ಒಂದು ಗೇಣು ಮೇಲೆದ್ದಿತು. ಅದನ್ನು ನೋಡಿದೆ. ಅದೂ ಕಪ್ಪಗೇ ಇತ್ತು. ಬಹಳ ಹೊತ್ತು ನೋಡಿದೆ.

ಲಾರಿ ಕೂಗಿತು. ಯಾರೋ ಓಡಿ ಬಂದರು, ಎಳೆದಾಡಿದರು. ಆ ಕೈ ಹಲಗೆಯ ಅಂಚನ್ನು ಹಿಡಿದುಕೊಂಡಿತು, ಆಮೇಲೆ ಒಂದೊಂದೇ ಬೆರಳು ಬಿಟ್ಟುಹೋಯಿತು. ಲಾರಿಯ ಸದ್ದು ಇಳಿಜಾರಿನಲ್ಲಿ ಸಣ್ಣದಾಯಿತು.

ಹಲಗೆ ಹೋದ ಕಡೆಯಿಂದ ಬಿಸಿಲು ಬಂದು ಅಂಗೈಯಗಲದ ಪಟ್ಟಿಯಾಗಿ ನೆಲದ ಮೇಲೆ ಬಿದ್ದಿದೆ. ಇದನ್ನು ಮೊದಲು ಯಾವಾಗಲೋ ನೋಡಿದ್ದೇನೆ. ಚಳಿಗಾಳಿಯೂ ಬರುತ್ತಿದೆ. ತಕ್ಷಣ ಮುಚ್ಚಿಸಬೇಕು.

ಹಗ್ಗ ಎಳೆದೆ. ದೂರದ ಅಡುಗೆಮನೆಯಲ್ಲಿ ಗಂಟೆ ಬಾರಿಸಿತು.

ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ. ಇಲ್ಲ, ಬರುತ್ತಿದ್ದಾನೆ. ಬರಿಗಾಲಿನ ಹೆಜ್ಜೆ. ಸದ್ದಾಗದಂತೆ ನಡೆಯುವುದನ್ನು ಚೆನ್ನಾಗಿ ಕಲಿಸಿದ್ದಾರೆ. ಬಾಗಿಲಾಚೆ ನಿಂತಿದ್ದಾನೆ. ತಟ್ಟುವುದಿಲ್ಲ, ಕರೆಯುವವರೆಗೆ ನಿಲ್ಲಬೇಕು ಎಂದು ಗೊತ್ತು ಅವನಿಗೆ.

'ಒಳಗೆ ಬಾ' ಎಂದೆ.